ಎಂಟು ಗಂಟೆಯ ಫೋನು

ಬೆಳಗಿನ ಆರೂವರೆಗೆಲ್ಲ ಸೂಗಮ್ಮನ ಒಲೆಯ ಪಕ್ಕದಲ್ಲಿ ಮೂವತ್ತು ರೊಟ್ಟಿ ಒಂದರ ಮೇಲೊಂದು ಕೂತಿದ್ದವು. ಇನ್ನೂ ಮೂವತ್ತು ಆಗಬೇಕಿತ್ತು. ಬ್ರಹ್ಮಪುರದ ಆ ಓಣಿಯ ತುದಿಯ ಖಾನಾವಳಿಗೆ ದಿನಾ ಅರವತ್ತು ಜೋಳದ ರೊಟ್ಟಿ ಬಡಿದುಕೊಡುವುದು ಅವಳ ಕೆಲಸ. ಏಪ್ರಿಲ್ ತಿಂಗಳು. ಎಂಟಾದರೆ ಮೈಗೆ ತಾಕುವ ಝಳ ಒಲೆಯದೋ ಬಿಸಿಲಿನದೋ ತಿಳಿಯುತ್ತಿರಲಿಲ್ಲ.

ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆ ಆಡಿಸುತ್ತಿದ್ದಾಗ ಫೋನು ಬಾರಿಸಿತು. ಕೈತುಂಬ ಹಿಟ್ಟು. ಬೆರಳಿನ ಗೆಣ್ಣಿನಿಂದಲೇ ಹಸಿರು ಗುಂಡಿ ಸರಿಸಿ, ಸ್ಪೀಕರ್ ಒತ್ತಿ, ಫೋನನ್ನು ಹಿಟ್ಟು ಹರಡಿದ ಅಗಲವಾದ ಪರಾತದ ಅಂಚಿಗೆ ಒರಗಿಸಿ ನಿಲ್ಲಿಸಿದಳು. ದಿನಾ ಹಾಗೇ ನಿಲ್ಲಿಸುತ್ತಿದ್ದಳು. ರೊಟ್ಟಿ ಬಡಿಯುವವಳಿಗೆ ಫೋನು ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು?

"ಅವ್ವಾ, ಎದ್ದಿಯೇನ?"

"ನಾ ಎದ್ದು ಮೂವತ್ತು ರೊಟ್ಟಿ ಆದ್ವು. ನೀ ಯಾಕ ಇಷ್ಟು ಲಗೂನ ಎದ್ದಿ?"

"ಮಾವ ಬಾಳಿಗೊನಿ ಕಡಿಯಾಕತ್ತಿದ್ದ. ನೋಡಾಕ ಎದ್ದೆ. ಕೆಂಪ ಹಣ್ಣು ಅವ್ವಾ, ಒಂದೊಂದು ನನ್ನ ಮುಂಗೈಯಷ್ಟು ದಪ್ಪ! ನಿನಗಂತ ನಾಕು ಎತ್ತಿಟ್ಟೀನಿ."

"ನೀ ಎಷ್ಟು ತಿಂದಿ, ಅದು ಹೇಳು ಮೊದಲ."

"ನೋಡಿದ್ರೂ ಶುಗರ್ ಏರ್ತದೇನು? ತಿಂದಿಲ್ಲ ಬಿಡು ನಮ್ಮವ್ವ. ಎಂಟಕ್ಕ ಮತ್ತ ಮಾಡ್ತೀನಿ."

ಮಲ್ಲಿಕಾ ನಗುತ್ತಲೇ ಫೋನಿಟ್ಟಳು. ಸೂಗಮ್ಮ ಮುಂದಿನ ಉಂಡೆಗೆ ಹಿಟ್ಟು ಉದುರಿಸಲು ಪರಾತ ಎಳೆದುಕೊಂಡಳು. ಒರಗಿಸಿದ್ದ ಫೋನು ಜಾರಿ ತಲೆಕೆಳಗಾಗಿ ಹಿಟ್ಟಿನೊಳಗೆ ಹೂತಿತು. "ಅಯ್ಯ ಶಿವನೇ" ಎಂದು ಎತ್ತಿ, ರೊಟ್ಟಿಗೆ ಆಡಿಸುವ ಅದೇ ಒದ್ದೆ ಬಟ್ಟೆಯಿಂದ ಮೇಲೆ ಕೆಳಗೆ ಚೆನ್ನಾಗಿ ಒತ್ತಿ ಒರೆಸಿ, ಗೂಡಿನಲ್ಲಿಟ್ಟಳು. ಮತ್ತೆ ಅದರ ಯೋಚನೆ ಮಾಡಲಿಲ್ಲ.

ಮಲ್ಲಿಕಾಗೆ ಹದಿನಾರು. ಒಂಬತ್ತನೇ ವರ್ಷದಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆಗೆ ಜಗ್ಗುವಂಥದ್ದಲ್ಲ. ಊಟಕ್ಕೆ ಮುಂಚೆ ಬೆರಳು ಚುಚ್ಚಿ ರಕ್ತ ನೋಡಬೇಕು, ಬಂದ ಅಂಕಿ ನೋಡಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು. ಉಣ್ಣದಿದ್ದರೆ ಸಕ್ಕರೆ ಇಳಿದು, ಮೈ ಬೆವತು, ಮಾತು ತೊದಲಿ, ಕಣ್ಣು ಮುಚ್ಚುತ್ತವೆ. ಏಳು ವರ್ಷದಿಂದ ಮಗಳು ಅಂಕಿ ಹೇಳುತ್ತಿದ್ದಳು, ತಾಯಿ ಎಷ್ಟು ಯೂನಿಟ್ ಎಂದು ಹೇಳುತ್ತಿದ್ದಳು. ಒಂದು ದಿನವೂ ತಪ್ಪಿರಲಿಲ್ಲ.

ಹತ್ತನೆಯ ಪರೀಕ್ಷೆ ಮುಗಿದದ್ದೇ ಮಲ್ಲಿಕಾ ಹಟ ಹಿಡಿದಿದ್ದಳು. ಕಮಲಾಪುರದ ಮಾವನ ತೋಟದ ಮನೆಗೆ ನಾಲ್ಕು ದಿನ ಒಬ್ಬಳೇ ಹೋಗಬೇಕು. "ಎಲ್ಲಾರೂ ಹೋಗತಾರ. ನಾ ಏನು ಗಾಜಿನ ಬಳೀನಾ?" ಅಂದಿದ್ದಳು. ಸೂಗಮ್ಮ ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಹಳೆಯ ಸೀರೆಯ ತುಂಡಿನಲ್ಲಿ ಒಂದು ಚೀಲ ಹೊಲಿಯಲು ಕೂತಳು. ಸೂಜಿಗೊಂದು ಕಿಸೆ, ರಕ್ತ ನೋಡುವ ಯಂತ್ರಕ್ಕೊಂದು, ಗ್ಲುಕೋಸ್ ಪುಡಿಗೊಂದು. ಮೇಲೆ ಕೆಂಪು ದಾರದಲ್ಲಿ ತನ್ನ ಫೋನ್ ನಂಬರಿನ ಹತ್ತೂ ಅಂಕಿಯನ್ನು ದೊಡ್ಡದಾಗಿ ಹೊಲಿದಳು. ಷರತ್ತು ಒಂದೇ: ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ರಾತ್ರಿ ಎಂಟು, ಮೂರು ಹೊತ್ತೂ ಫೋನು. ಮಲ್ಲಿಕಾಗೆ ಸ್ವಂತ ಫೋನಿರಲಿಲ್ಲ. ಮಾವನ ಹೆಂಡತಿ ಅಂಬಿಕಾ ತನ್ನ ಗುಂಡಿ ಒತ್ತುವ ಹಳೆ ಫೋನನ್ನು ಅವಳ ಕೈಗೆ ಕೊಟ್ಟಿದ್ದಳು.

ಇವತ್ತಿಗೆ ಮೂರನೇ ದಿನ.

ಎಂಟಕ್ಕೆ ಸರಿಯಾಗಿ ಫೋನು ಬಾರಿಸಿತು. ಸೂಗಮ್ಮ ಕೊನೆಯ ರೊಟ್ಟಿ ಹಂಚಿಗೆ ಹಾಕಿ, ಎತ್ತಿದಳು.

"ಹೇಳವ್ವಾ, ಎಷ್ಟು ಬಂತು?"

ಮಾತಿಲ್ಲ.

"ಮಲ್ಲೀ?"

ಏನೂ ಇಲ್ಲ. ಉಸಿರಿನ ಸದ್ದೂ ಇಲ್ಲ, ತೋಟದ ಹಕ್ಕಿಯ ಸದ್ದೂ ಇಲ್ಲ. ಫೋನನ್ನು ಕಿವಿಯಿಂದ ತೆಗೆದು, ಸ್ಪೀಕರ್ ಒತ್ತಿ ನೋಡಿದಳು. ಆಗಲೂ ಇಲ್ಲ. ಸೆಕೆಂಡುಗಳು ಓಡುತ್ತಿದ್ದವು. ಹನ್ನೊಂದು, ಹನ್ನೆರಡು, ಹದಿಮೂರು. ಆ ಕಡೆ ಯಾರೋ ಫೋನು ಹಿಡಿದಿದ್ದಾರೆ. ಹಿಡಿದು ಸುಮ್ಮನಿದ್ದಾರೆ.



ಎರಡು ವರ್ಷದ ಹಿಂದೆ ಹೀಗೇ ಆಗಿತ್ತು. ಖಾನಾವಳಿಗೆ ರೊಟ್ಟಿ ಮುಟ್ಟಿಸಲು ಹೋದವಳು ಅಲ್ಲಿಂದ ಮನೆಗೆ ಫೋನು ಮಾಡಿದ್ದಳು. ಮಲ್ಲಿಕಾ ಎತ್ತಿದ್ದಳು, ಮಾತಾಡಿರಲಿಲ್ಲ. ಹುಡುಗಾಟ ಅಂದುಕೊಂಡು, "ನಿನ್ನ ನಾಟಕ ಸಾಕು, ನನಗ ಕೆಲಸ ಅದ" ಎಂದು ಗದರಿ ಸೂಗಮ್ಮ ಕಟ್ ಮಾಡಿದ್ದಳು. ಅರ್ಧ ಗಂಟೆ ಬಿಟ್ಟು ಮನೆಗೆ ಬಂದರೆ ಹುಡುಗಿ ಅಡುಗೆಮನೆ ಹೊಸ್ತಿಲಲ್ಲಿ ಬಿದ್ದಿದ್ದಳು. ಕೈಯಲ್ಲಿ ಫೋನು ಹಾಗೇ ಇತ್ತು. ದವಾಖಾನೆಯಲ್ಲಿ ಕಣ್ಣು ಬಿಟ್ಟ ಮಗಳು ಅದನ್ನೆಲ್ಲ ಮರೆತಿದ್ದಳು. ತಾಯಿ ಮರೆತಿರಲಿಲ್ಲ. ತಾನು ಗದರಿದ ಆ ಮಾತು ಈಗಲೂ ಒಮ್ಮೊಮ್ಮೆ ಒಲೆಯ ಮುಂದೆ ಕೂತಾಗ ತಾನಾಗಿ ಕಿವಿಗೆ ಬರುತ್ತಿತ್ತು.

"ಮಲ್ಲೀ, ಗ್ಲುಕೋಸ್ ಬಾಯಾಗ ಹಾಕ್ಕೋ. ಚೀಲದಾಗ ಅದ, ಬಲಗಡೆ ಕಿಸೆ. ಕೇಳಿಸ್ತೇನು? ಬಲಗಡೆ."

ಫೋನು ಕಟ್ಟಾಯಿತು. ಮರುಗಳಿಗೆಯೇ ಮತ್ತೆ ಬಾರಿಸಿತು. ಎತ್ತಿದಳು. ಅದೇ ಮೌನ. ಮತ್ತೆ ಕಟ್ಟು, ಮತ್ತೆ ಗಂಟೆ, ಮತ್ತೆ ಮೌನ. ಫೋನು ಕೆಟ್ಟಿರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ. ಕೆಟ್ಟಿದ್ದರೆ ಗಂಟೆ ಹೇಗೆ ಬಾರಿಸುತ್ತಿತ್ತು? ಮುಂಜಾನೆಯಷ್ಟೇ ಇದೇ ಫೋನಿನಲ್ಲಿ ಮಗಳು ನಕ್ಕಿದ್ದಳಲ್ಲ.

ಕಮಲಾಪುರದ ಅಣ್ಣ ದೌಲಪ್ಪನಿಗೆ ಹಚ್ಚಿದಳು. ಎತ್ತಲಿಲ್ಲ. ಗೊನೆ ಕಡಿದ ದಿನ ಅವನು ಹಣ್ಣಿನ ಗಾಡಿಯ ಜೊತೆಗೇ ಹೋಗಿಬಿಡುತ್ತಿದ್ದ. ಅತ್ತಿಗೆ ಅಂಬಿಕಾ ಈ ಹೊತ್ತಿಗೆ ತೋಟದ ಕೆಲಸದಲ್ಲಿ, ಅವಳ ಫೋನು ಮಲ್ಲಿಕಾಳ ಹತ್ತಿರ. ಗಂಡ ಮಹಾದೇವ ದಾಲ್ ಮಿಲ್ಲಿನಲ್ಲಿ, ಪಾಳಿ ಮುಗಿಯುವವರೆಗೆ ಅವನ ಫೋನು ಗೇಟಿನವನ ಪೆಟ್ಟಿಗೆಯೊಳಗೆ. ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆಯೆದ್ದಿತ್ತು. ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಅವಳು ಎದುರುಮನೆಗೆ ಓಡಿದಳು.

ಎದುರುಮನೆಯ ಅಕ್ಬರಿ ಬೇಗಂ ಕಟ್ಟೆಯ ಮೇಲೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದಳು. ಸೂಗಮ್ಮನ ಮುಖ ನೋಡಿದವಳೇ ಮೊರ ಬದಿಗಿಟ್ಟಳು.

"ಆಪಾ, ನಿಮ್ಮ ಫೋನು ಕೊಡ್ರಿ. ಮಲ್ಲಿ ಫೋನು ಎತ್ತಾಕತ್ತಾಳ, ಮಾತಾಡವಲ್ಲಳು. ಆವತ್ತಿನಂಗ…"

ಅಕ್ಬರಿ ಬೇಗಂ ಮುಂದೆ ಕೇಳಲಿಲ್ಲ. ನಂಬರ್ ಒತ್ತಿ ಕಿವಿಗಿಟ್ಟುಕೊಂಡಳು. "ಬ್ಯುಸಿ ಅಂತದ."

"ಬ್ಯುಸಿ ಹೆಂಗ?"

"ನಿನಗೇ ಹಚ್ಚಾಕತ್ತಿರಬೇಕು. ನೋಡು."

ಹೌದು. ಸೂಗಮ್ಮನ ಕೈಯಲ್ಲಿದ್ದ ಫೋನು ಮತ್ತೆ ಬಾರಿಸುತ್ತಿತ್ತು. ಎತ್ತಿದಳು. ಮೌನ.

ಅಕ್ಬರಿ ಬೇಗಂ ಹುಬ್ಬು ಗಂಟಿಕ್ಕಿದಳು. "ಕಟ್ ಮಾಡು ಅದನ್ನ. ನಾ ನಿನಗ ಹಚ್ಚತೀನಿ. ಎತ್ತು." ಎತ್ತಿದಳು. ಅಕ್ಬರಿ ಬೇಗಂ ತನ್ನ ಫೋನಿಗೆ ಬಾಯಿ ಹಚ್ಚಿ ಓಣಿಗೆಲ್ಲ ಕೇಳುವಂತೆ ಕೂಗಿದಳು. "ಹಲೋ! ಸೂಗಮ್ಮಾ! ಕೇಳಿಸ್ತೇನು?"

"ಕೇಳಿಸ್ತದ್ರಿ."

"ಫೋನಿನ್ಯಾಗಾ, ಗಾಳ್ಯಾಗಾ?"

ಫೋನು ಹಿಡಿದ ಕಿವಿಯಲ್ಲಿ ಏನೂ ಇರಲಿಲ್ಲ. "ಗಾಳ್ಯಾಗ."

"ನಿನ್ನ ಫೋನೇ ಕಿವುಡಾಗ್ಯದ! ನನಗೂ ನಿನ್ನ ಮಾತು ಇದರಾಗ ಬರವಲ್ದು. ಕಿವುಡೂ ಆಗ್ಯದ, ಮೂಕೂ ಆಗ್ಯದ. ಇದಕ್ಕಿಂತ ನಮ್ಮ ಮನಿಯವ್ರ ಕಿವಿ ಛಲೋ." ಅಕ್ಬರಿ ಬೇಗಂ ನಕ್ಕಳು. "ಹುಡುಗಿ ಆರಾಮ ಅದಾಳ. ಸುಮ್ಮ ಹೆದರಿದಿ ನೀನು. ತಡಿ, ಆಕಿಗೆ ನನ್ನ ಫೋನಿನಿಂದ ಹೇಳೋಣು."

ಸೂಗಮ್ಮ ಕಟ್ಟೆಯ ಮೇಲೆ ಕೂತಳು. ನಗಬೇಕೆನಿಸಿತು. ಆದರೆ ಅಕ್ಬರಿ ಬೇಗಂಳ ನಗು ಕಿವಿಗೆ ಫೋನು ಇಟ್ಟುಕೊಂಡಲ್ಲೇ ಆರಿಹೋಯಿತು.

"ಸ್ವಿಚ್ ಆಫ್ ಅಂತದಲ್ಲ ಈಗ."

ಮತ್ತೆ ಹಚ್ಚಿದರು. ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಸ್ವಿಚ್ ಆಫ್. ಹಳೆಯ ಬ್ಯಾಟರಿ, ಅಷ್ಟು ಸಲ ಹಚ್ಚಿ ಹಚ್ಚಿ ಸತ್ತಿರಬೇಕು. ಅದು ಸರಿ. ಆದರೆ ಸೂಗಮ್ಮನ ತಲೆಯಲ್ಲಿ ಬೇರೆ ಲೆಕ್ಕ ಶುರುವಾಗಿತ್ತು. ಎಂಟಕ್ಕೆ ಅಂಕಿ ನೋಡಿರುತ್ತಾಳೆ. ಎಷ್ಟು ಯೂನಿಟ್ ಎಂದು ಕೇಳಲು ಫೋನು ಮಾಡಿದ್ದಾಳೆ. ಅವ್ವ ಎತ್ತಿದ್ದಾಳೆ, ಮಾತಾಡಿಲ್ಲ. ಹತ್ತು ಸಲ ಎತ್ತಿ ಹತ್ತು ಸಲ ಮಾತಾಡಿಲ್ಲ. ಆ ಕೂಸು ಈಗ ಏನು ಮಾಡುತ್ತದೆ? ಸೂಜಿ ತಗೊಂಡಳೋ, ಬಿಟ್ಟಳೋ? ತಗೊಂಡಿದ್ದರೆ ಎಷ್ಟು? ತಗೊಂಡು ಉಂಡಳೋ?

"ಆಪಾ, ಆಕಿಗೆ ಬರೋದು ನನ್ನ ನಂಬರ್ ಒಂದೇ. ಚೀಲದ ಮ್ಯಾಲೂ ಅದೇ ಹೊಲದೀನಿ. ಯಾರರೆ ಫೋನ್ ಮಾಡಿದ್ರ ಇದಕ್ಕೇ ಮಾಡಬೇಕು. ಇದು ಹಿಂಗಾದ್ರ…"

ಅಕ್ಬರಿ ಬೇಗಂ ಆಗಲೇ ಚಪ್ಪಲಿ ಮೆಟ್ಟುತ್ತಿದ್ದಳು. "ನಡಿ. ಶಹಾಬಜಾರದಾಗ ನಮ್ಮ ಜೀನತ್ ಅದಾಳಲ್ಲ, ನನ್ನ ತಂಗಿ ಮಗಳು. ಅಪ್ಪನ ಅಂಗಡಿ ಈಗ ಆಕೀನೇ ನೋಡ್ತಾಳ. ಸತ್ತ ಫೋನೂ ಎದ್ದು ಕೂಡ್ತಾವ ಆಕಿ ಕೈಯಾಗ."

ಆಟೋದಲ್ಲಿ ಸೂಗಮ್ಮ ಫೋನನ್ನು ಎರಡೂ ಅಂಗೈಯ ನಡುವೆ ಹಿಡಿದು ಕೂತಿದ್ದಳು. ಬೆರಳ ಸಂದಿಯಲ್ಲಿ ಹಿಟ್ಟು ಒಣಗಿ ಬಿರುಕುಬಿಟ್ಟಿತ್ತು. ದಾರಿಯಲ್ಲಿ ಫೋನು ಒಮ್ಮೆಯೂ ಬಾರಿಸಲಿಲ್ಲ. ಬಾರಿಸಿದರೆ ಮಾತು ಕೇಳದು ಎಂಬ ಅಂಜಿಕೆ ಒಂದು ಕಡೆ, ಬಾರಿಸುತ್ತಲೇ ಇಲ್ಲವಲ್ಲ ಎಂಬ ಅಂಜಿಕೆ ಇನ್ನೊಂದು ಕಡೆ.

ಜೀನತ್‌ಳ ಅಂಗಡಿ ಎರಡು ಹಳೆಯ ಮನೆಗಳ ನಡುವಿನ ಸಂದಿನಷ್ಟೇ ಅಗಲ. ಮುಂದೊಂದು ಗಾಜಿನ ಮೇಜು, ಅದರ ಮೇಲೆ ಬಗ್ಗಿದ ದೀಪ, ಹೊಸ್ತಿಲ ಪಕ್ಕ ಮೊಣಕಾಲೆತ್ತರದ ಕರಿ ಬ್ಲೂಟೂತ್ ಪೆಟ್ಟಿಗೆ. ಗಿರಾಕಿ ಬರಲೆಂದು ಅದರಲ್ಲಿ ಬೆಳಗಿನಿಂದ ಹಾಡು. ಇಪ್ಪತ್ನಾಲ್ಕರ ಹುಡುಗಿ ಜೀನತ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಫೋನಿನ ಹೊಟ್ಟೆ ಬಗೆಯುತ್ತಿದ್ದಳು.

"ಖಾಲಾ? ಕ್ಯಾ ಹುವಾ?" ದೊಡ್ಡಮ್ಮನನ್ನು ಕಂಡು ಏನಾಯಿತೆಂದು ಕೇಳಿದಳು.

ಅಕ್ಬರಿ ಬೇಗಂ ಮೂರೇ ಮಾತಿನಲ್ಲಿ ಹೇಳಿದಳು. ಜೀನತ್ ಹಾಡು ಸಣ್ಣದು ಮಾಡಿ ಫೋನು ಇಸಕೊಂಡಳು. ತೆರೆಯ ಮೇಲ್ತುದಿಗೆ ಉಗುರಿಟ್ಟು ತೋರಿಸಿದಳು. ಅಲ್ಲಿ ಗಡಿಯಾರದ ಪಕ್ಕ, ಇರುವೆಯಷ್ಟು ಸಣ್ಣದಾಗಿ, ತಲೆಗೆ ಹಾಕಿಕೊಳ್ಳುವ ಹೆಡ್‌ಫೋನಿನ ಚಿತ್ರ.

"ಇದು ನೋಡ್ರಿ ಅಕ್ಕಾ. ನಿಮ್ಮ ಫೋನು ಹೆಡ್‌ಫೋನ್ ಹಾಕ್ಯಾರ ಅಂತ ತಿಳ್ಕೊಂಡದ. ನಿಮ್ಮ ಮಗಳ ಮಾತು ಬರಾಕತ್ತದ, ಇಲ್ಲದಿರೋ ಹೆಡ್‌ಫೋನಿಗೆ ಹೋಗಾಕತ್ತದ, ಸ್ಪೀಕರ್ ಒತ್ತಿದ್ರೂ ಅಲ್ಲಿಗೇ. ನಿಮ್ಮ ಮಾತೂ ಅದರ ಮೈಕಿನಿಂದ ಬರ್ತದ ಅಂತ ಇದು ಕಾಯಾಕತ್ತದ. ಗಂಟಿ ಅಷ್ಟೇ ಹೊರಗ ಬಡಿತದ." ಕೆಳಗಿನ ದುಂಡು ತೂತಿಗೆ ದೀಪ ಹಿಡಿದು ಬಗ್ಗಿ ನೋಡಿದಳು. "ಒಳಗ ಬೆಳ್ಳಗೇನೋ ಗಟ್ಟಿ ಕುಂತದ. ಏನು ತುರುಕೀರಿ?"

ಸೂಗಮ್ಮ ತನ್ನ ಕೈ ನೋಡಿಕೊಂಡಳು. "ಜೋಳದ ಹಿಟ್ಟು. ಬಿದ್ದಿತ್ತು. ಹಸಿ ಬಟ್ಟಿಲೇ ಒರಸಿದೆ."

"ಒರಸಿಲ್ಲ ಅಕ್ಕಾ, ನಾದೀರಿ." ಜೀನತ್ ನಗಲಿಲ್ಲ. ಸೂಗಮ್ಮನ ಮುಖ ನೋಡಿ ನಗುವ ಹೊತ್ತಲ್ಲವೆಂದು ಅವಳಿಗೆ ತಿಳಿದಿತ್ತು. "ಇಲ್ಲಿ ನಾಕು ಮೆಸೇಜ್ ಅದಾವ, ತೆಗದಿಲ್ಲ ನೀವು. ಕಮಲಾಪುರದಿಂದ ಇವೇನು? ಮಲ್ಲಿ ಅತ್ತಿ ಅಂತ ಹೆಸರದ."

ಕಂಪನಿಯವರ ಮೆಸೇಜು ದಿನಾ ಹತ್ತು ಬರುತ್ತವೆ, ಎಲ್ಲ ಇಂಗ್ಲಿಷ್ ಅಕ್ಷರ. ಸೂಗಮ್ಮ ಯಾವುದನ್ನೂ ತೆಗೆಯುತ್ತಿರಲಿಲ್ಲ. ಅಂಬಿಕಾಳ ಹಳೆ ಫೋನಿನಲ್ಲಿ ಕನ್ನಡ ಇರಲಿಲ್ಲ, ಮಲ್ಲಿಕಾ ಬರೆದದ್ದೂ ಇಂಗ್ಲಿಷ್ ಅಕ್ಷರದಲ್ಲೇ. "ಓದವ್ವಾ," ಅಂದಳು.

ಜೀನತ್ ಒಂದೊಂದಾಗಿ ಓದಿದಳು. "'ಅವ್ವ ಮಾತಾಡು.' ಇದು ಎಂಟೂ ಐದಕ್ಕ. 'ಅವ್ವ ನಿನಗ ಏನಾಗ್ಯದ. ಬಿದ್ದಿಯೇನು.' ಎಂಟೂ ಹನ್ನೆರಡು. 'ಸೂಜಿ ತಗೊಂಡೀನಿ. ನಾ ಬರ್ತೀನಿ. ಅಂಜಬ್ಯಾಡ.' ಎಂಟೂ ಹದಿನೆಂಟು. ಕಡೀದು…" ಅವಳು ತಡೆದಳು. "'ಬಸ್ ಬಂತು. ಉಣ್ಣಾಕ ಟೈಮ್ ಆಗಲಿಲ್ಲ.'"

ಸೂಗಮ್ಮ ತಲೆಯೆತ್ತಿ ನೋಡಿದಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂಕಾಲು. ಸೂಜಿ ತಗೊಂಡು ಒಂದು ಗಂಟೆ. ಹೊಟ್ಟೆಗೇನೂ ಇಲ್ಲ. ಬಿಸಿಲಿನ ಬಸ್ಸು. ಮಗಳು ತನ್ನ ಅವ್ವ ಬಿದ್ದಿದ್ದಾಳೆಂದು, ಫೋನು ಎತ್ತಿ ಮಾತಾಡಲಾಗದೆ ಬಿದ್ದಿದ್ದಾಳೆಂದು, ಉಣ್ಣದೆ ಓಡಿ ಬರುತ್ತಿದ್ದಾಳೆ. ಆವತ್ತು ತಾನು ಕಟ್ ಮಾಡಿ ಕೆಲಸ ನೋಡಿಕೊಂಡಿದ್ದಳು. ಹುಡುಗಿ ಹಾಗೆ ಮಾಡಲಿಲ್ಲ.

"ಬಸ್ಸಿನ್ಯಾಗ ಬಿದ್ರ, ಕುಡಿದಾಳ ಅಂತಾರೋ, ನಿದ್ದಿ ಹತ್ಯದ ಅಂತಾರೋ," ಅಂದಳು. ಯಾರಿಗೆ ಹೇಳಿದಳೋ. "ಯಾರೂ ಎಬ್ಬಸಂಗಿಲ್ಲ."

"ಕುಂಡ್ರಿ ಅಕ್ಕಾ. ಹಿಟ್ಟು ತೆಗಿಯೋದು ಆಮ್ಯಾಲ. ಮೊದಲ ನಿಮ್ಮ ಸಿಮ್ ತೆಗೆದು ನನ್ನ ಫೋನಿಗೆ ಹಾಕ್ತೀನಿ. ಎರಡೇ ನಿಮಿಷ." ಜೀನತ್ ಸಿಮ್ ತೆಗೆಯುವ ಪಿನ್ನು ಹುಡುಕಿ ಕೈಗೆ ತೆಗೆದುಕೊಂಡಳು. ಅಷ್ಟರಲ್ಲೇ ಫೋನು ಬಾರಿಸಿತು.

ಗುರುತಿಲ್ಲದ ನಂಬರು.

ಸೂಗಮ್ಮ ಕಸಿದುಕೊಂಡು ಎತ್ತಿದಳು. "ಹಲೋ? ಯಾರ್ರೀ? ಹಲೋ?" ಮೌನ. ಸೆಕೆಂಡುಗಳು ಓಡಿದವು. ಎಲ್ಲೋ ಯಾರೋ ಅವಳ ಮಗಳ ಬಗ್ಗೆ ಏನೋ ಹೇಳುತ್ತಿದ್ದರು, ಅದು ಅವಳ ಅಂಗೈಯೊಳಗಿನ ಚಿಟಿಕೆ ಹಿಟ್ಟಿನಲ್ಲಿ ಹೂತುಹೋಗುತ್ತಿತ್ತು.

"ಕಟ್ ಮಾಡಬ್ಯಾಡ್ರಿ!" ಜೀನತ್ ಫೋನನ್ನು ಅವಳ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡಳು. ತನ್ನ ಫೋನಿನ ಬ್ಲೂಟೂತ್ ಆರಿಸಿದಳು. ಹೊಸ್ತಿಲ ಪೆಟ್ಟಿಗೆಯ ಹಾಡು ನಡುವೆಯೇ ನಿಂತಿತು. ಸೂಗಮ್ಮನ ಫೋನಿನ ಮೇಲೆ ಅವಳ ಹೆಬ್ಬೆರಳು ಓಡಾಡಿತು. ಅದನ್ನು ಆ ಪೆಟ್ಟಿಗೆಗೆ ಜೋಡಿಸಲು ನೋಡಿದಳು, ಮೊದಲ ಸಲ ಕೂಡಲಿಲ್ಲ. "ಬಾ, ಬಾ, ಬಾ," ಎಂದು ಗೊಣಗಿದಳು. ಇಪ್ಪತ್ತಾರು ಸೆಕೆಂಡು. ಇಪ್ಪತ್ತೇಳು. ಪೆಟ್ಟಿಗೆ 'ಟುಂಯ್' ಎಂದಿತು. ಮರುಕ್ಷಣ ಅದರೊಳಗಿಂದ ಗಂಡಸಿನ ದನಿ ಇಡೀ ಓಣಿಗೆ ಬಡಿಯುವಂತೆ ಹೊರಬಂತು.

"…ಹಲೋ! ಮಾತಾಡ್ರಲ್ಲ! ಎತ್ತತಾರ, ಮಾತೇ ಆಡವಲ್ಲರು. ಇಡ್ತೀನಿ ನೋಡವ್ವ ನಾ…"

"ಇಡಬ್ಯಾಡ್ರಿ!" ಸೂಗಮ್ಮ ಪೆಟ್ಟಿಗೆಯ ಮುಂದೆ ನೆಲಕ್ಕೇ ಕೂತಳು. "ಅಣ್ಣಾರ, ಇಡಬ್ಯಾಡ್ರಿ! ನಾ ಆಕಿ ತಾಯಿ!"

"ಹಾಂ! ಕಮಲಾಪುರ ಬಸ್ಸಿನ ಕಂಡಕ್ಟರ್ ಮಾತಾಡೋದ್ರಿ, ಆನಂದಕುಮಾರ ಅಂತ. ಈಗರೆ ಮಹಾಗಾಂವ್ ದಾಟೀವಿ. ಇಲ್ಲೊಬ್ಬಾಕಿ ಹುಡುಗಿ ಕಿಡಕಿಗೆ ತಲಿ ಹಚ್ಚಿ ಮಲಗ್ಯಾಳ, ಎಬ್ಬಿಸಿದ್ರ ಏನೇನೋ ಅಂತಾಳ. ಬಾಜೂಕ ಕುಂತ ಮುದುಕಿ ಚೀಲದ ಮ್ಯಾಲಿನ ನಂಬರ್ ತೋರಿಸಿದಳ್ರಿ."

"ಬೆವತಾಳೇನ್ರಿ?"

"ಅಂಗಿ ತೊಯ್ದು ಹೋಗ್ಯದ."

"ಸಕ್ಕರಿ ಇಳದದ್ರಿ ಆಕಿಗೆ. ಚೀಲದ ಬಲಗಡೆ ಕಿಸೆ, ಗ್ಲುಕೋಸ್ ಅದ, ನೋಡ್ರಿ."

ಸದ್ದುಗದ್ದಲ. "ಡಬ್ಬಿ ಖಾಲಿ ಅದ್ರಿ."

ಸೂಗಮ್ಮ ಕಣ್ಣು ಮುಚ್ಚಿದಳು. ನಿನ್ನೆ ತೋಟದಲ್ಲಿ ಓಡಾಡಿ ಮಗಳಿಗೆ ಸಕ್ಕರೆ ಇಳಿದು ಪುಡಿ ಮುಗಿಸಿರಬೇಕು, ಅವ್ವ ಬೈತಾಳೆಂದು ಹೇಳಿರಲಿಲ್ಲ. "ಯಾರ ಹತ್ರರೆ ಬೆಲ್ಲ ಅದ ಏನು ಕೇಳ್ರಿ. ಸಕ್ಕರಿ, ಪೇಡಾ, ಏನಾದರೂ."

ಪೆಟ್ಟಿಗೆಯೊಳಗೆ ಇನ್ನೊಂದು ದನಿ, ವಯಸ್ಸಾದದ್ದು, ಗಟ್ಟಿಯಾದದ್ದು. "ನನ್ನ ಗಂಟಿನ್ಯಾಗ ಬೆಲ್ಲ ಅದ ಯವ್ವಾ. ದುಂಡಮ್ಮ ಅಂತ ನಾ. ಬಾಯಾಗ ಇಡ್ಲೇನು?"

"ದವಡ್ಯಾಗ ಒತ್ತಿ ಇಡವ್ವಾ. ಆಕಿ ನುಂಗ್ತಾಳೇನು ನೋಡು. ಫೋನ್ ಕಿವಿಗೆ ಹಿಡಿ ಆಕೀದು. ಮಲ್ಲೀ. ಮಲ್ಲೀ, ನಾನು."

ಶಹಾಬಜಾರದ ಆ ಓಣಿಯಲ್ಲಿ ಸೈಕಲ್ ನಿಂತವು. ಎದುರಿನ ಚಹಾದಂಗಡಿಯವನು ಕುದಿಯುವ ಒಲೆ ಸಣ್ಣ ಮಾಡಿದ. ಕರಿ ಪೆಟ್ಟಿಗೆಯೊಳಗಿಂದ ಬಸ್ಸಿನ ಇಂಜಿನ್ನು ಗುರುಗುಡುತ್ತಿತ್ತು, ಅಷ್ಟೆ.

ಬಹಳ ಹೊತ್ತಿನ ಮೇಲೆ, ನೀರಿನ ತಳದಿಂದ ಬಂದಂತೆ ಒಂದು ದನಿ. "…ಅವ್ವ. ನೀ ಮಾತಾಡವಲ್ಲಿ."

"ಮಾತಾಡಾಕತ್ತೀನಿ ನನ್ನವ್ವ. ಇಲ್ಲೇ ಅದೀನಿ. ಬೆಲ್ಲ ಚೀಪು."

"ನೀ ಬಿದ್ದಿ."

"ಬಿದ್ದಿಲ್ಲ. ಹಿಟ್ಟಿನ್ಯಾಗ ಫೋನ್ ಬಿತ್ತು, ನಾ ಬಿದ್ದಿಲ್ಲ. ಚೀಪು. ಬಾಳಿಹಣ್ಣು ತಂದೀಯಲ್ಲ, ಒಂದು ತಿನ್ನು."

"ನಿನಗ ಅವು." ಸಕ್ಕರೆ ಇಳಿದಾಗ ಅವಳು ಯಾವಾಗಲೂ ಹೀಗೇ, ಹಟಮಾರಿಯಾಗುತ್ತಿದ್ದಳು. "ನಿನಗ ನಾಕು. ನಾ ತಿನ್ನಂಗಿಲ್ಲ."

ಸೂಗಮ್ಮನಿಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಹಟಕ್ಕೆ ಬಿದ್ದಾಗ ಕೂಗಿದರೆ ಬಾಯಿ ಇನ್ನೂ ಬಿಗಿಯುತ್ತಾಳೆಂದು ಗೊತ್ತಿತ್ತು. ರೊಟ್ಟಿ ಬಡಿಯುವಾಗ ಅಂಚು ಸೀಳಿದರೆ ಮತ್ತೆ ಮೆಲ್ಲಗೆ ತಟ್ಟಿ ಕೂಡಿಸುವಂತೆ, ದನಿ ಇನ್ನೂ ತಗ್ಗಿಸಿದಳು. "ನಾಕರಾಗ ಎರಡು ನನಗ, ಎರಡು ನಿನಗ. ನಂದು ನಾ ಬಂದು ತಿಂತೀನಿ. ನಿಂದು ಈಗ ನೀ ತಿನ್ನು. ದುಂಡಮ್ಮಾಯಿ, ಸುಲಿದು ಕೈಯಾಗ ಕೊಡು."

"ಸುಲದೀನಿ. ತಗೋ ಕೂಸೇ. ಹಾಂ, ಕಚ್ಚಿದಳು."

ಆಮೇಲೆ ಅಗಿಯುವ ಸದ್ದು. ಫೋನನ್ನು ಕೆನ್ನೆಗೇ ಒತ್ತಿ ಹಿಡಿದಿದ್ದಳೋ ಏನೋ ದುಂಡಮ್ಮ. ಆ ದೊಡ್ಡ ಪೆಟ್ಟಿಗೆಯಲ್ಲಿ ಒಂದೊಂದು ತುತ್ತೂ ಅಗಿದು ನುಂಗಿದ್ದು ಓಣಿಯ ಆ ತುದಿಗೆ ಕೇಳಿತು. ಅಕ್ಬರಿ ಬೇಗಂ ಸೆರಗಿನಿಂದ ಮೂಗು ಒರೆಸಿಕೊಂಡಳು. ಜೀನತ್ ತುಟಿ ಕಚ್ಚಿ ಗಡಿಯಾರ ನೋಡುತ್ತಿದ್ದಳು. ಸೂಗಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, "ಹಾಂ. ಇನ್ನೊಂದು ತುತ್ತು. ಹಾಂ," ಎನ್ನುತ್ತ ಕೂತಿದ್ದಳು. ಮಲ್ಲಿಕಾಗೆ ಮೊದಲ ಸಲ ಅನ್ನ ತಿನ್ನಿಸಿದಾಗಲೂ ಅವಳು ಹೀಗೇ ಎಣಿಸಿದ್ದಳು.

ಎಂಟು ನಿಮಿಷ. ಹತ್ತು. ಎರಡನೇ ಹಣ್ಣೂ ಮುಗಿಯುತ್ತ ಬಂತು.

"ಅವ್ವಾ," ಎಂದಿತು ಪೆಟ್ಟಿಗೆ. ದನಿ ಈಗ ಬೇರೆ. "ನಿನ್ನ ಮಾತು ಬಾವ್ಯಾಗ ಕುಂತು ಮಾತಾಡಿದಂಗ ಬರಾಕತ್ತದ. ಎಲ್ಲಿ ಅದಿ ನೀ?"

ಚಹಾದಂಗಡಿಯವನು ಮೊದಲು ನಕ್ಕ. ಆಮೇಲೆ ಎಲ್ಲರೂ. ಸೂಗಮ್ಮ ನಗಲಿಲ್ಲ. ಪೆಟ್ಟಿಗೆಯ ಮೇಲೆ ಹಣೆಯಿಟ್ಟಳು.

"ಅಣ್ಣಾರ," ಅಂದಳು ಕಂಡಕ್ಟರನಿಗೆ, "ರಿಂಗ್ ರೋಡ್ ಕೂಡೋ ಜಾಗಾದಾಗ ಇಳಸ್ರಿ. ಅಲ್ಲಿ ನಿಂತಿರ್ತೀನಿ. ಇಳಿಯೋತನಕ ದುಂಡಮ್ಮಾಯಿ ಕೈ ಬಿಡಬಾರದು."

"ಬಿಡಂಗಿಲ್ಲ ತಗೋ," ಎಂದಳು ದುಂಡಮ್ಮ.

ಫೋನಿಟ್ಟ ಮೇಲೆ ಜೀನತ್ ಮೂರು ನಿಮಿಷ ಕೇಳಿದಳು. ಹಲ್ಲುಕಡ್ಡಿಗೆ ಎಳೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ತೂತಿನೊಳಗೆ ಮೆಲ್ಲಗೆ ತಿರುವಿದಳು. ಮೂರನೇ ಸಲಕ್ಕೆ ಕಡ್ಡಿಯ ತುದಿಗೆ ಅಂಟಿಕೊಂಡು ಅಕ್ಕಿಕಾಳಿನಷ್ಟು ಗಟ್ಟಿ ಬಿಳಿ ಉಂಡೆ ಹೊರಬಂತು. ಗಡಿಯಾರದ ಪಕ್ಕದ ಚಿತ್ರ ಮಾಯವಾಯಿತು. ಜೀನತ್ ತನ್ನ ಫೋನಿನಿಂದ ಹಚ್ಚಿ "ಹಲೋ" ಅಂದಳು. ಸೂಗಮ್ಮನ ಕಿವಿಯೊಳಗೆ ಅದು ಸ್ಪಷ್ಟವಾಗಿ ಬಂತು. ಇಷ್ಟಕ್ಕೇ, ಈ ಕಾಳಿನಷ್ಟಕ್ಕೇ, ಎಂದುಕೊಂಡು ಅವಳು ಆ ಉಂಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಪರಾತದ ಹತ್ರ ಇಡಬ್ಯಾಡ್ರಿ ಅಕ್ಕಾ ಇನ್ನ," ಎಂದಳು ಜೀನತ್. "ಗ್ವಾಡಿಗೆ ಒಂದು ಚೀಲ ಹೊಲಕೋರಿ. ನಿಮಗ ಹೊಲಿಯಾಕ ಬರ್ತದಲ್ಲ."

ರಿಂಗ್ ರೋಡು ಕೂಡುವಲ್ಲಿ ಬಸ್ಸು ನಿಂತಾಗ ಮೊದಲು ಇಳಿದದ್ದು ಒಂದು ಗಂಟು, ಆಮೇಲೆ ದುಂಡಮ್ಮ, ಅವಳ ಕೈ ಹಿಡಿದುಕೊಂಡು ಮಲ್ಲಿಕಾ. ಮುಖ ಬಿಳಿಚಿತ್ತು, ಕೂದಲು ಹಣೆಗೆ ಅಂಟಿತ್ತು. ಅವ್ವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಎಲ್ಲಿ ಬಿದ್ದಿದ್ದಾಳೆ, ಎಲ್ಲಿ ಪೆಟ್ಟಾಗಿದೆ ಎಂದು ಹುಡುಕುವವಳಂತೆ.

"ಉಣ್ಣದೇ ಯಾಕ ಬಂದಿ?" ಸೂಗಮ್ಮ ಗದರಿದಳು. "ಸೂಜಿ ತಗೊಂಡು ಉಣ್ಣದೇ ಹೊರಗ ಕಾಲಿಡಬಾರದಂತ ಎಷ್ಟು ಸಲ ಹೇಳೀನಿ?"

"ನೀ ಎತ್ತಿ ಮಾತಾಡಲಿಲ್ಲ."

ಸೂಗಮ್ಮ ಮಗಳ ಮುಖ ಎರಡೂ ಕೈಯಲ್ಲಿ ಹಿಡಿದಳು. ಕೈ ತೆಗೆದಾಗ ಕೆನ್ನೆಯ ಮೇಲೆ ಒಣಹಿಟ್ಟಿನ ಬೆರಳು ಮೂಡಿದ್ದವು.

ಟಂಟಂ ಆಟೋ ಹಿಡಿದು ಕೂತ ಮೇಲೆ ಮಲ್ಲಿಕಾ ತಾನಾಗಿ ಯಂತ್ರ ತೆಗೆದು ಬೆರಳು ಚುಚ್ಚಿಕೊಂಡಳು. ನೂರಾ ಹನ್ನೆರಡು. ಅವ್ವನಿಗೆ ತೋರಿಸಿದಳು. "ಮುಂಜಾನೆ ಎಷ್ಟು ತಗೊಂಡೆ ಅಂತ ಕೇಳಲೇ ಇಲ್ಲ ನೀನು."

"ಎಷ್ಟು?"

"ನೀ ಇದ್ರ ಎಂಟು ಅಂತಿದ್ದಿ. ನಾ ಆರು ತಗೊಂಡೆ. ಉಣ್ಣಾಕ ಆಗತದೋ ಇಲ್ಲೋ ಗೊತ್ತಿರಲಿಲ್ಲ, ಅದಕ್ಕ."

ಸೂಗಮ್ಮ ಹೊರಗಿನ ಬಿಸಿಲು ನೋಡಿದಳು. ಎಂಟು ತಗೊಂಡಿದ್ದರೆ ಮಹಾಗಾಂವ್‌ವರೆಗೂ ಕೂತಿರಲು ಆಗುತ್ತಿತ್ತೋ ಇಲ್ಲವೋ. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

"ಈಗ ಮನಿಗೆ ಹೋಗಿ ಉಣ್ಣಬೇಕಲ್ಲ," ಎಂದಳು ಮಲ್ಲಿಕಾ. "ಎರಡು ರೊಟ್ಟಿ. ಎಷ್ಟು ತಗೊಳ್ಳಿ?"

ಉತ್ತರ ಸೂಗಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಏಳು ವರ್ಷದ ರೂಢಿ.

"ನೀನೇ ಹೇಳು," ಅಂದಳು.

ಮಲ್ಲಿಕಾ ಅವಳನ್ನು ನೋಡಿದಳು, ಅಂಕಿಯನ್ನು ನೋಡಿದಳು, ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕಿದಳು. "ನಾಕು. ಈಗಷ್ಟೇ ಇಳದು ಎದ್ದದ, ಅದಕ್ಕ ನಾಕೇ ಸಾಕು."

ಸೂಗಮ್ಮನ ಲೆಕ್ಕದಲ್ಲಿ ಮೂರು ಬಂದಿತ್ತು. ಉಂಡು ಮುಗಿಯುವವರೆಗೆ, ಉಂಡ ಮೇಲೂ ಎರಡು ಗಂಟೆ, ಮಗಳ ಹಣೆ ಬೆವರುತ್ತದೇನೋ ಎಂದು ತಾನು ಕಳ್ಳಗಣ್ಣಿನಿಂದ ನೋಡುತ್ತಲೇ ಇರುತ್ತೇನೆಂದು ಅವಳಿಗೆ ಗೊತ್ತಿತ್ತು.

"ಆತು," ಅಂದಳು. "ನಾಕು. ಆದ್ರ ತಾಟು ಮುಂದ ಬಂದ ಮ್ಯಾಲೇ ಚುಚ್ಚಬೇಕು."

ಮಲ್ಲಿಕಾ ಚೀಲದಿಂದ ಉಳಿದೆರಡು ಕೆಂಪು ಬಾಳೆಹಣ್ಣು ತೆಗೆದು ಅವ್ವನ ಮಡಿಲಿಗೆ ಹಾಕಿದಳು. ಸೂಗಮ್ಮ ಒಂದನ್ನು ಸುಲಿದು ತಿನ್ನತೊಡಗಿದಳು. ಇನ್ನೊಂದು ಕೈ ಫೋನನ್ನು ಬಿಟ್ಟಿರಲಿಲ್ಲ.